ಲೆನ್‌ಸ್ಟರ್‌ಗೆ ಒಂದು ಮ್ಯಾಚೂ ಆಡದೇ ಐರ್ಲೆಂಡ್‌ಗೆ ಆಡಿಬಿಟ್ಟ ಹುಡುಗ: ಜೇಮ್ಸ್ ರಯನ್ ಪ್ರಕರಣ

2017ರ ಜೂನ್ 10, ಅಮೆರಿಕದ ನ್ಯೂಜೆರ್ಸಿ, ಹ್ಯಾರಿಸನ್ ಅನ್ನೋ ಊರಿನ ರೆಡ್ ಬುಲ್ ಅರೆನಾ. ಅದು ಫುಟ್‌ಬಾಲ್ ಸ್ಟೇಡಿಯಂ, ಅವತ್ತು ಮಾತ್ರ ಅಲ್ಲಿ ಐರ್ಲೆಂಡ್ ವರ್ಸಸ್ ಅಮೆರಿಕ ರಗ್ಬಿ. ಸೆಕೆಂಡ್ ಹಾಫಲ್ಲಿ ಬೆಂಚಿಂದ ಒಬ್ಬ ಹುಡುಗ ಎದ್ದು ಬಂದ, 20 ವರ್ಷ, ಎರಡು ಮೀಟರ್‌ಗಿಂತ ಎತ್ತರ, ಹೆಸರು ಜೇಮ್ಸ್ ರಯನ್. ಇಂಟರ್‌ನ್ಯಾಷನಲ್ ರಗ್ಬಿಲಿ ಅವನ ಕೈಗೆ ಬಾಲ್ ಸಿಕ್ಕಿದ್ದು ಅದೇ ಮೊದಲ ಸಲ, ಸಿಕ್ಕಿದ್ದನ್ನ ತಗೊಂಡು ಹೋಗಿ ಗೆರೆ ಆಚೆ ನೆಲಕ್ಕೆ ಒತ್ತೇಬಿಟ್ಟ. ಟ್ರೈ, ಐದು ಪಾಯಿಂಟು. ಐರ್ಲೆಂಡ್ ಆ ಮ್ಯಾಚನ್ನ 55-19ಕ್ಕೆ ಗೆದ್ದಿತು, ಅದೇನು ದೊಡ್ಡ ಸುದ್ದಿ ಅಲ್ಲ, ಆ ಕಾಲಕ್ಕೆ ಅಮೆರಿಕ ಮೇಲೆ ಐರ್ಲೆಂಡ್ ಗೆಲ್ಲೋದು ಎಲ್ಲರಿಗೂ ಗೊತ್ತಿದ್ದ ಕಥೆನೇ.

ಸುದ್ದಿ ಬೇರೆ ಇದೆ. ಈ ಹುಡುಗ ಅವತ್ತಿನವರೆಗೂ ತನ್ನ ಪ್ರಾಂತ್ಯ ಲೆನ್‌ಸ್ಟರ್‌ನ ಸೀನಿಯರ್ ಟೀಮಿಗೆ ಒಂದೇ ಒಂದು ಮ್ಯಾಚ್ ಆಡಿರಲಿಲ್ಲ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ರಣಜಿ ಕ್ಯಾಪ್ ಇಲ್ದೇನೇ ಇಂಡಿಯಾ ಕ್ಯಾಪ್ ಸಿಕ್ಕಿದಂಗೆ. ಕ್ರಿಕೆಟಲ್ಲಾದ್ರೂ ಐಪಿಎಲ್ ಅಂತ ಇನ್ನೊಂದು ಬಾಗಿಲಿದೆ, ಐರಿಶ್ ರಗ್ಬಿಲಿ ಅಂಥದ್ದೇನೂ ಇಲ್ಲ, ಸ್ಕೂಲು, ಅಕಾಡೆಮಿ, ಪ್ರಾಂತ್ಯ, ಆಮೇಲೆ ದೇಶ, ಒಂದರ ಮೇಲೊಂದು ಮೆಟ್ಟಿಲು. ಇವನು ಒಂದು ಮೆಟ್ಟಿಲು ಹಾರಿದ. ಹೇಗೆ ಹಾರಿದ ಅನ್ನೋದೇ ಈ ಕೇಸಿನ ಪ್ರಶ್ನೆ. "ಟ್ಯಾಲೆಂಟು ಗುರು, ಹುಟ್ಟುತ್ತಲೇ ಬಂದಿದ್ದು" ಅಂತ ಒಂದೇ ಸಾಲಲ್ಲಿ ಮುಗಿಸೋರು ತುಂಬಾ ಜನ ಇದ್ದಾರೆ, ನಂಗೆ ಅದು ಅಷ್ಟು ಸರಿ ಅನ್ನಿಸಲ್ಲ. ಟ್ಯಾಲೆಂಟ್ ಇತ್ತು, ಇಲ್ಲ ಅಂತ ಯಾರು ಹೇಳ್ತಾರೆ, ಆದ್ರೆ ಅದೇ ವಯಸ್ಸಿನ, ಅದೇ ಟೀಮಿನ, ಇವನಿಗಿಂತ ದೊಡ್ಡ ಪ್ರಶಸ್ತಿ ತಗೊಂಡ ಇನ್ನೊಬ್ಬ ಹುಡುಗ ಮೂರು ವರ್ಷದ ಹತ್ರ ಕಾಯಬೇಕಾಯ್ತು. ಅವನ ಕಥೆಗೆ ಆಮೇಲೆ ಬರ್ತೀನಿ.

ಮೊದಲು ಹಿನ್ನೆಲೆ. ರಯನ್ ಹುಟ್ಟಿದ್ದು 1996ರ ಜುಲೈ 24ಕ್ಕೆ, ಡಬ್ಲಿನಲ್ಲಿ. ಓದಿದ್ದು ಸೇಂಟ್ ಮೈಕಲ್ಸ್ ಕಾಲೇಜಲ್ಲಿ, ಹೆಸರಲ್ಲಿ ಕಾಲೇಜ್ ಅಂತಿದ್ರೂ ಅದು ಸ್ಕೂಲೇ. ಡಬ್ಲಿನ್ ರಗ್ಬಿಲಿ ಈ ಸ್ಕೂಲುಗಳ ಪಾತ್ರ ಗೊತ್ತಿಲ್ದೇ ಇದ್ರೆ ಮುಂದಿನದು ಅರ್ಥ ಆಗಲ್ಲ. ಫೀಸ್ ಕಟ್ಟಿ ಓದೋ ಒಂದಷ್ಟು ಸ್ಕೂಲುಗಳಿವೆ, ಬ್ಲ್ಯಾಕ್‌ರಾಕ್, ಸೇಂಟ್ ಮೈಕಲ್ಸ್, ಕ್ಲಾಂಗೋಸ್ ತರದ್ದು, ಅವುಗಳ ಮಧ್ಯೆ ಪ್ರತಿ ವರ್ಷ ಲೆನ್‌ಸ್ಟರ್ ಸ್ಕೂಲ್ಸ್ ಸೀನಿಯರ್ ಕಪ್ ನಡೆಯುತ್ತೆ, ಹದಿನೇಳು ಹದಿನೆಂಟು ವರ್ಷದ ಹುಡುಗರ ಮ್ಯಾಚಿಗೆ ಸ್ಟೇಡಿಯಂ ತುಂಬುತ್ತೆ, ಪೇಪರಲ್ಲಿ ಫೋಟೋ ಸಮೇತ ಬರುತ್ತೆ. ಜಿಮ್ಮು, ಕೋಚು, ವಿಡಿಯೋ ಅನಾಲಿಸಿಸ್ ಎಲ್ಲಾ ಸ್ಕೂಲಲ್ಲೇ. ಲೆನ್‌ಸ್ಟರ್ ಅಕಾಡೆಮಿಯವರು ಬಂದು ಅಲ್ಲಿಂದ ಆರಿಸ್ಕೊಂಡು ಹೋಗೋದಷ್ಟೇ. ಹಾಗಂತ ಎಲ್ಲರೂ ಇದೇ ದಾರಿಲಿ ಬಂದೋರಲ್ಲ, ಟೈಗ್ ಫರ್ಲಾಂಗ್ ವೆಕ್ಸ್‌ಫರ್ಡ್ ಕಡೆ ರೈತರ ಮನೆ ಹುಡುಗ, ನ್ಯೂ ರಾಸ್ ಕ್ಲಬ್ಬಲ್ಲಿ ಆಡಿ ಮೇಲೆ ಬಂದೋನು, ಶಾನ್ ಓಬ್ರಾಯನ್ ಟಲ್ಲೋ ಊರಿನ ಹೊಲದಿಂದ ಬಂದೋನು. ರಯನ್ ಆ ಗುಂಪಲ್ಲ. ರಯನ್ ನಡೆದಿದ್ದು ಟಾರ್ ಹಾಕಿದ ರಸ್ತೆ, ಇದನ್ನ ಮುಚ್ಚಿಟ್ಟು ಬಡ ಹುಡುಗನ ಹೋರಾಟ ಅಂತೆಲ್ಲ ಬರೆಯೋ ಅವಶ್ಯಕತೆ ಇಲ್ಲ.

ಮನೆತನದ ಒಂದು ವಿಷಯ ಮಾತ್ರ ಹೇಳ್ಬಿಡ್ತೀನಿ, ರಗ್ಬಿಗೆ ಸಂಬಂಧ ಇಲ್ದಿದ್ರೂ. ಇವನ ಮುತ್ತಜ್ಜನ ಹೆಸರೂ ಜೇಮ್ಸ್ ರಯನ್ನೇ. 1916ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಈಸ್ಟರ್ ದಂಗೆಲಿ ಡಬ್ಲಿನ್ ಜನರಲ್ ಪೋಸ್ಟ್ ಆಫೀಸ್ ಒಳಗೆ ಕೂತು ಗಾಯಗೊಂಡೋರಿಗೆ ಬ್ಯಾಂಡೇಜ್ ಕಟ್ಟಿದ ಮೆಡಿಕಲ್ ಸ್ಟೂಡೆಂಟ್ ಆತ, ಗುಂಡೇಟು ತಿಂದ ದಂಗೆ ನಾಯಕ ಜೇಮ್ಸ್ ಕಾನಲಿನೂ ನೋಡ್ಕೊಂಡೋನು, ಆಮೇಲೆ ಫಿಯನ ಫಾಲ್ ಪಕ್ಷ ಕಟ್ಟಿದವರಲ್ಲಿ ಒಬ್ಬ, 1957ರಿಂದ 1965ರವರೆಗೆ ಹಣಕಾಸು ಮಂತ್ರಿ. ಮರಿಮಗನೂ ಯುನಿವರ್ಸಿಟಿ ಕಾಲೇಜ್ ಡಬ್ಲಿನಲ್ಲೇ ಓದ್ತಾ ಇದ್ದ, ಸಬ್ಜೆಕ್ಟು ಹಿಸ್ಟರಿ ಮತ್ತು ಪಾಲಿಟಿಕ್ಸು, ಮನೇಲೇ ಸಿಲಬಸ್ ಇದ್ದಂಗೆ.

ಸರಿ, ಕೇಸಿಗೆ ಬರೋಣ. 2016ರ ಜೂನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ ಅಂಡರ್-20 ವರ್ಲ್ಡ್ ಚಾಂಪಿಯನ್‌ಶಿಪ್ ನಡೀತು. ಐರ್ಲೆಂಡ್ ಹುಡುಗರ ಕ್ಯಾಪ್ಟನ್ ಇದೇ ರಯನ್. ಮೊದಲನೇ ಮ್ಯಾಚಲ್ಲಿ ವೇಲ್ಸ್ ಮೇಲೆ 26-25, ಉಸಿರು ಬಿಗಿಹಿಡಿದು ಗೆದ್ದಿದ್ದು. ಎರಡನೇದು ನ್ಯೂಜಿಲೆಂಡ್. ಇಲ್ಲಿ ಸ್ವಲ್ಪ ನಿಲ್ಲಬೇಕು. 1905ರಿಂದ ಆವತ್ತಿನವರೆಗೆ ಐರ್ಲೆಂಡ್ ಸೀನಿಯರ್ ಟೀಮು ಆಲ್ ಬ್ಲ್ಯಾಕ್ಸ್, ಅಂದ್ರೆ ನ್ಯೂಜಿಲೆಂಡ್ ಸೀನಿಯರ್ ಟೀಮಿನ ಮೇಲೆ ಒಂದು ಸಲಾನೂ ಗೆದ್ದಿರಲಿಲ್ಲ, ನೂರು ವರ್ಷದ ಮೇಲಾಯ್ತು ಲೆಕ್ಕ ಹಾಕಿ. ಈ ಹುಡುಗರು 33-24ಕ್ಕೆ ಹೊಡೆದ್ರು. ದೊಡ್ಡೋರು ಗೆದ್ದಿದ್ದು ಅದೇ ವರ್ಷ ನವೆಂಬರ್ 5ಕ್ಕೆ, ಶಿಕಾಗೋದಲ್ಲಿ, 40-29. ಅಂದ್ರೆ ಅಣ್ಣಂದಿರಿಗಿಂತ ಐದು ತಿಂಗಳು ಮೊದಲೇ ತಮ್ಮಂದಿರು ಕೆಲಸ ಮುಗಿಸಿದ್ರು. ಸೆಮಿಫೈನಲಲ್ಲಿ ಅರ್ಜೆಂಟೀನಾ ಮೇಲೆ 37-7, ಫೈನಲಲ್ಲಿ ಇಂಗ್ಲೆಂಡ್ ಕೈಲಿ 45-21ಕ್ಕೆ ಚೆನ್ನಾಗಿ ಏಟು ತಿಂದ್ರು. ಆದ್ರೂ ಅಲ್ಲಿವರೆಗೆ ಐರ್ಲೆಂಡಿನ ಯಾವ ಅಂಡರ್-20 ಟೀಮೂ ಫೈನಲ್ ಮುಟ್ಟಿರಲಿಲ್ಲ.

ಆ ಟೀಮಿನ ಐದು ಹೆಸರು ನೆನಪಲ್ಲಿಟ್ಕೊಳ್ಳಿ: ಜೇಮ್ಸ್ ರಯನ್, ಆಂಡ್ರ್ಯೂ ಪೋರ್ಟರ್, ಜೇಕಬ್ ಸ್ಟಾಕ್‌ಡೇಲ್, ಮ್ಯಾಕ್ಸ್ ಡೀಗನ್, ಹ್ಯೂಗೋ ಕೀನನ್. ಇಡೀ ಟೂರ್ನಮೆಂಟಿನ ಬೆಸ್ಟ್ ಪ್ಲೇಯರ್ ಅಂತ ಪ್ರಶಸ್ತಿ ತಗೊಂಡಿದ್ದು ರಯನ್ ಅಲ್ಲ, ಡೀಗನ್.

ಇದಾದ್ಮೇಲೆ ರಯನ್ ಲೆನ್‌ಸ್ಟರ್ ಅಕಾಡೆಮಿಗೆ ಸೇರಿದ, ಎಲ್ಲರೂ ಅಂದುಕೊಂಡಿದ್ದು ಈ ವರ್ಷ ಡೆಬ್ಯೂ ಗ್ಯಾರಂಟಿ ಅಂತ. ಅಷ್ಟರಲ್ಲಿ ಹ್ಯಾಮ್‌ಸ್ಟ್ರಿಂಗ್ ಹೋಯ್ತು. ತೊಡೆ ಹಿಂದಿನ ಆ ಸ್ನಾಯು, ನಮ್ ಕ್ರಿಕೆಟ್ ಬೌಲರುಗಳು ದಿನಾ ಹಿಡ್ಕೊಂಡು ಕುಂಟೋದು ಅದನ್ನೇ, ಇವನದ್ದು ಆಪರೇಷನ್ ತನಕ ಹೋಯ್ತು, 2016-17ರ ಸೀಸನ್ ಬಹುಪಾಲು ಮಣ್ಣುಪಾಲು. ಹಾಗಾಗಿ "ಲೆನ್‌ಸ್ಟರ್‌ಗಿಂತ ಮೊದಲು ಐರ್ಲೆಂಡ್" ಅನ್ನೋ ಒಗಟಿನ ಮೊದಲನೇ ಅರ್ಧಕ್ಕೆ ಉತ್ತರ ತುಂಬಾ ಸಪ್ಪೆ: ಲೆನ್‌ಸ್ಟರ್‌ನವರು ಇವನನ್ನ ಕಡೆಗಣಿಸಿರಲಿಲ್ಲ, ಹುಡುಗ ಆಡೋ ಸ್ಥಿತಿಲೇ ಇರಲಿಲ್ಲ. ಎರಡನೇ ಅರ್ಧ ಇದ್ಯಲ್ಲ, ಆಡೋ ಸ್ಥಿತಿಲಿ ಇಲ್ದೇ ಒಂದು ವರ್ಷ ಕಳೆದೋನನ್ನ ದೇಶದ ಕೋಚ್ ಯಾಕೆ ಕರೆದ, ಅದು ಇಂಟರೆಸ್ಟಿಂಗು.

ಅದಕ್ಕೆ ಇವನು ಆಡೋ ಜಾಗ ಯಾವುದು ಅಂತ ನೋಡ್ಬೇಕು. ರಯನ್ ಲಾಕ್, ಅಂದ್ರೆ ಸೆಕೆಂಡ್ ರೋ, ಬೆನ್ನ ಮೇಲೆ 4 ಅಥವಾ 5ನೇ ನಂಬರು. ರಗ್ಬಿಲಿ ಪ್ರತಿ ಟೀಮಿನ 15 ಜನದಲ್ಲಿ ಎಂಟು ಜನ ಫಾರ್ವರ್ಡ್ಸ್, ಅದರಲ್ಲಿ ಇಬ್ಬರು ಲಾಕ್. ಟೀವಿಲಿ ನೋಡೋನಿಗೆ ಲಾಕ್ ಕಾಣಿಸೋದೇ ಇಲ್ಲ. ಸ್ಕ್ರಮ್ಮಲ್ಲಿ, ಅಂದ್ರೆ ಎರಡೂ ಕಡೆಯ ಎಂಟೆಂಟು ಜನ ತಲೆ ತೂರಿಸಿ ದಬ್ಬಾಡೋವಾಗ, ಮುಂದೆ ಇರೋ ಪ್ರಾಪ್ ಮತ್ತು ಹುಕರ್ ಇಬ್ಬರ ಸೊಂಟದ ಸಂದಿಲಿ ತಲೆ ತೂರಿಸಿ, ಕಿವಿ ಹರಿದೋಗದಂಗೆ ತಲೆ ಸುತ್ತ ಟೇಪ್ ಸುತ್ಕೊಂಡು, ಮುಂದಿನೋನ ಚಡ್ಡಿ ಹಿಡ್ಕೊಂಡು ದಬ್ಬೋದು ಇವನ ಕೆಲಸ, ಆ ಹೊತ್ತಲ್ಲಿ ಅವನಿಗೆ ಕಾಣೋದು ಹುಲ್ಲು ಮತ್ತೆ ಬೇರೆಯೋರ ಕಾಲು. ಲೈನ್‌ಔಟಲ್ಲಿ ಮಾತ್ರ ಇವನು ಎಲ್ಲರಿಗಿಂತ ಮೇಲೆ.

ಲೈನ್‌ಔಟ್ ಒಂದನ್ನ ನಾನು ಕ್ಲಿಪ್ ನಿಲ್ಲಿಸಿ ನಿಲ್ಲಿಸಿ ನೋಡಿದೀನಿ, ಅದೊಂದು ಚಟ ಆಗಿದೆ ನಂಗೆ. ಬಾಲ್ ಪಕ್ಕದ ಗೆರೆ ದಾಟಿದೆ, ಎರಡೂ ಟೀಮಿನ ಫಾರ್ವರ್ಡ್ಸ್ ಎದುರುಬದುರು ಸಾಲಾಗಿ ನಿಂತಿದ್ದಾರೆ, ಹುಕರ್ ಗೆರೆ ಹೊರಗೆ ಬಾಲ್ ತಲೆ ಮೇಲೆ ಹಿಡಿದು ನಿಂತಿದ್ದಾನೆ. ಯಾರೋ ಒಬ್ಬ ಒಂದು ಕೋಡ್ ಕೂಗ್ತಾನೆ, ನಮಗೆ ಏನೂ ಅರ್ಥ ಆಗಲ್ಲ, ಎದುರಾಳಿಗೂ ಆಗ್ಬಾರ್ದು. ಲಾಕ್ ಮುಂದಕ್ಕೆ ಒಂದು ಹೆಜ್ಜೆ ಇಟ್ಟಂಗೆ ಮಾಡಿ ಥಟ್ ಅಂತ ಹಿಂದೆ ಸರಿದ, ಇನ್ನೂ ನೆಗೆದೇ ಇಲ್ಲ, ಅಷ್ಟರಲ್ಲೇ ಮುಂದೊಬ್ಬ ಹಿಂದೊಬ್ಬ ಬಂದು ತೊಡೆಗೆ ಸುತ್ತಿರೋ ಟೇಪ್ ಪಟ್ಟಿ ಕೆಳಗೆ ಕೈಹಾಕಿ ಎತ್ತೇಬಿಟ್ರು, ನೂರು ಕೇಜಿ ಮೇಲಿನ ಆಳು ಗಾಳೀಲಿ, ಎರಡು ಕೈ ಚಾಚಿದ್ದಾನೆ, ಬಾಲ್ ಆಗಲೇ ಹುಕರ್ ಕೈಯಿಂದ ಹೊರಟಿದೆ, ಆಳು ಅಲ್ಲಿಗೆ ತಲುಪೋಕೆ ಮುಂಚೆನೇ. ಅಂದ್ರೆ ಹುಕರ್ ಎಸೆದಿದ್ದು ಯಾರೂ ಇಲ್ಲದ ಗಾಳಿಗೆ, ಇವನು ಅಲ್ಲಿರ್ತಾನೆ ಅನ್ನೋ ನಂಬಿಕೆ ಮೇಲೆ. ಅರ್ಧ ಸೆಕೆಂಡ್ ತಪ್ಪಿದ್ರೆ ಬಾಲ್ ಎದುರಾಳಿದು. ಇದನ್ನ ಒಂದು ಮ್ಯಾಚಲ್ಲಿ ಹತ್ತು ಹದಿನೈದು ಸಲ ಮಾಡ್ಬೇಕು, ಮಧ್ಯದಲ್ಲಿ ಟ್ಯಾಕಲ್ ಮಾಡ್ಬೇಕು, ಬಿದ್ದೋನ ಮೇಲೆ ಮುಗಿಬಿದ್ದಿರೋ ಎದುರಾಳಿನ ಭುಜ ಕೊಟ್ಟು ಕಿತ್ತು ಎಸೀಬೇಕು, ಎದ್ದು ಮುಂದಿನ ಗುದ್ದಾಟಕ್ಕೆ ಓಡ್ಬೇಕು. ಇದಕ್ಕೆ ಬರೀ ಮೈ ಸಾಕಾಗಲ್ಲ, ತಲೆಲಿ ನಕ್ಷೆ ಇರ್ಬೇಕು, ಅದಕ್ಕೇ ಲಾಕ್‌ಗಳು ಪಕ್ವ ಆಗೋದು ಸಾಮಾನ್ಯವಾಗಿ ಇಪ್ಪತ್ತೈದರ ಆಸುಪಾಸಲ್ಲಿ. ಇಪ್ಪತ್ತಕ್ಕೆ ಲಾಕ್ ಆಗಿ ದೇಶಕ್ಕೆ ಆಡೋದು ಅಪರೂಪ ಅನ್ನೋದು ಇದಕ್ಕೇ.

ಐರ್ಲೆಂಡ್‌ಗೆ ಆ ಹೊತ್ತಲ್ಲಿ ಲಾಕ್ ಜಾಗದಲ್ಲಿ ಏನಾಗಿತ್ತು ನೋಡಿ. ಹತ್ತು ಹನ್ನೆರಡು ವರ್ಷ ಆ ಜಾಗ ಅಂದ್ರೆ ಪಾಲ್ ಓಕಾನಲ್, ಮನ್‌ಸ್ಟರ್ ಪ್ರಾಂತ್ಯದ ದೈತ್ಯ, 108 ಕ್ಯಾಪು, ಅಂದ್ರೆ ದೇಶಕ್ಕೆ 108 ಮ್ಯಾಚು, ಕ್ಯಾಪ್ಟನ್. 2015ರ ವರ್ಲ್ಡ್ ಕಪ್ಪಲ್ಲಿ, ಅಕ್ಟೋಬರ್ 11ಕ್ಕೆ, ಕಾರ್ಡಿಫಲ್ಲಿ ಫ್ರಾನ್ಸ್ ವಿರುದ್ಧ ಹಾಫ್‌ಟೈಮ್ ಹತ್ರ ಅವನ ಹ್ಯಾಮ್‌ಸ್ಟ್ರಿಂಗ್ ಮೂಳೆಯಿಂದಲೇ ಕಿತ್ತು ಬಂತು. ಸ್ಟ್ರೆಚರ್ ಮೇಲೆ ಹೋದೋನು ಮತ್ತೆ ಯಾವತ್ತೂ ಆಡಲಿಲ್ಲ, ಫ್ರಾನ್ಸಿನ ಟೂಲಾನ್ ಕ್ಲಬ್ ಜೊತೆ ಒಪ್ಪಂದ ಆಗಿತ್ತು, ಒಂದು ಮ್ಯಾಚೂ ಆಡದೆ 2016ರ ಫೆಬ್ರವರಿಲಿ ರಿಟೈರ್ ಅಂದ. ಅವನ ನಂತರ ಡೆವಿನ್ ಟೋನರ್, ಇಯಾನ್ ಹೆಂಡರ್ಸನ್, ಡಾನಕ ರಯನ್ ಅಂತ ಮೂವರು ಮುಖ್ಯ. ಈ ಡಾನಕ ರಯನ್ ಮನ್‌ಸ್ಟರ್ ಆಳು, ನಮ್ ಹುಡುಗನಿಗೆ ಸಂಬಂಧ ಇಲ್ಲ, ಅಲ್ಲಿ ರಯನ್ ಅಂದ್ರೆ ಇಲ್ಲಿ ಗೌಡ ಅಂದಂಗೆ. ಶಿಕಾಗೋದಲ್ಲಿ ಆಲ್ ಬ್ಲ್ಯಾಕ್ಸ್ ಮೇಲೆ ಗೆದ್ದಾಗ ಸೆಕೆಂಡ್ ರೋಲಿ ಟೋನರ್ ಜೊತೆ ಇದ್ದೋನು ಈ ಡಾನಕನೇ. 2017ರ ಬೇಸಿಗೆಲಿ ಅವನು ಪ್ಯಾರಿಸಿನ ರೇಸಿಂಗ್ 92 ಕ್ಲಬ್ಬಿಗೆ ಹೊರಟ. ಐರ್ಲೆಂಡಲ್ಲಿ ಒಂದು ಅಲಿಖಿತ ಕಾನೂನಿದೆ, ದೇಶದ ಹೊರಗೆ ದುಡಿಯೋಕೆ ಹೋದೋನನ್ನ ನ್ಯಾಷನಲ್ ಟೀಮಿಗೆ ಸಾಮಾನ್ಯವಾಗಿ ಕರೆಯಲ್ಲ. ಹೋದ ಅಂದ್ರೆ ಮುಗೀತು. ಒಂದು ಕುರ್ಚಿ ಖಾಲಿ.

ಅದೇ ಬೇಸಿಗೆಲಿ ಲಯನ್ಸ್ ಟೂರು. ನಾಲ್ಕು ವರ್ಷಕ್ಕೊಮ್ಮೆ ಇಂಗ್ಲೆಂಡ್, ಐರ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್ ನಾಲ್ಕೂ ಕಡೆ ಬೆಸ್ಟ್ ಆಟಗಾರರನ್ನ ಒಟ್ಟುಮಾಡಿ ದಕ್ಷಿಣಕ್ಕೆ ಕಳಿಸ್ತಾರೆ, 2017ಕ್ಕೆ ನ್ಯೂಜಿಲೆಂಡ್. ಮೊದಲ ಪಟ್ಟಿಲೇ ಐರ್ಲೆಂಡಿಂದ 11 ಜನ, ಅದರಲ್ಲಿ ಲಾಕ್ ಹೆಂಡರ್ಸನ್. ಕೋಚ್ ಜೋ ಶ್ಮಿಟ್ ಕೈಲಿ ಉಳಿದಿದ್ದು ಅರ್ಧ ಮನೆ. ಆ ಅರ್ಧ ಮನೆ ಇಟ್ಕೊಂಡು ಅಮೆರಿಕದಲ್ಲಿ ಒಂದು, ಜಪಾನಲ್ಲಿ ಎರಡು ಟೆಸ್ಟ್ ಆಡಿಸ್ಬೇಕು, ರಗ್ಬಿಲಿ ಟೆಸ್ಟ್ ಅಂದ್ರೆ ದೇಶ ದೇಶಗಳ ಮಧ್ಯದ ಮ್ಯಾಚು. ಕ್ಯಾಪ್ಟನ್ ರೀಸ್ ರಡಕ್. ಎರಡು ವರ್ಷ ಆಚೆ 2019ರ ವರ್ಲ್ಡ್ ಕಪ್ ಇರೋದು ಜಪಾನಲ್ಲೇ, ಆದ್ದರಿಂದ ಶ್ಮಿಟ್‌ಗೆ ಇದು ಪ್ರವಾಸಕ್ಕಿಂತ ಜಾಸ್ತಿ ನರ್ಸರಿ. ಗೆಲ್ಲೋದು ಹೇಗಿದ್ರೂ ಗೆಲ್ತೀವಿ, ಹೊಸಬರಲ್ಲಿ ಯಾರು ತಡ್ಕೋತಾರೆ ನೋಡೋಣ ಅನ್ನೋ ಲೆಕ್ಕ.

ಇಲ್ಲಿ ಐರಿಶ್ ರಗ್ಬಿ ಯೂನಿಯನ್ ಕಟ್ಟಿರೋ ವ್ಯವಸ್ಥೆ ನೋಡ್ದೇ ಇದ್ರೆ ಅರ್ಧ ಉತ್ತರ ಮಿಸ್ ಆಗುತ್ತೆ. ಇಂಗ್ಲೆಂಡ್, ಫ್ರಾನ್ಸಲ್ಲಿ ಕ್ಲಬ್ಬುಗಳಿಗೆ ಬೇರೆ ಬೇರೆ ಮಾಲೀಕರು, ಆಟಗಾರ ಅವರ ಆಸ್ತಿ, ದೇಶದ ಕೋಚ್ ಅಂಗಲಾಚಬೇಕು. ಐರ್ಲೆಂಡಲ್ಲಿ ಲೆನ್‌ಸ್ಟರ್, ಮನ್‌ಸ್ಟರ್, ಅಲ್‌ಸ್ಟರ್, ಕಾನಾಕ್ಟ್ ಅಂತ ನಾಲ್ಕೇ ಪ್ರೊಫೆಷನಲ್ ಟೀಮು, ನಾಲ್ಕೂ ಒಂದೇ ಯೂನಿಯನ್ ಕೈಕೆಳಗೆ. ಯಾರಿಗೆ ಗಾಯ, ಯಾರು ರೀಹ್ಯಾಬಲ್ಲಿ ಎಷ್ಟು ದೂರ ಬಂದ, ಯಾರಿಗೆ ಈ ವಾರ ರೆಸ್ಟು, ಎಲ್ಲದರ ಮೇಲೂ ಮೇಲಿಂದ ಕಣ್ಣು. ಶ್ಮಿಟ್ ಬೇರೆ 2010ರಿಂದ 2013ರವರೆಗೆ ಲೆನ್‌ಸ್ಟರ್ ಕೋಚೇ ಆಗಿದ್ದೋನು, ಯಾವ ಬಾಗಿಲು ಎಲ್ಲಿ ತೆಗೆಯುತ್ತೆ ಅಂತ ಗೊತ್ತಿದ್ದೋನು. ಇಂಗ್ಲೆಂಡಲ್ಲಿ ಒಂದು ವರ್ಷ ಗಾಯದಲ್ಲಿ ಬಿದ್ದಿರೋ ಇಪ್ಪತ್ತು ವರ್ಷದ ಹುಡುಗ ದೇಶದ ಕೋಚ್ ಕಣ್ಣಿಂದ ಮರೆಯಾಗ್ತಿದ್ದ ಅಂತ ನನ್ನ ಅನಿಸಿಕೆ. ಐರ್ಲೆಂಡಂಥ ಚಿಕ್ಕ ಮನೇಲಿ ಮರೆಯಾಗೋಕೆ ಜಾಗನೇ ಇಲ್ಲ. ಇದಕ್ಕೆ ಇನ್ನೊಂದು ಮುಖನೂ ಇದೆ ಬಿಡಿ, ಅದೇ ಚಿಕ್ಕ ಮನೆ ಡಾನಕ ರಯನ್‌ಗೆ ಬಾಗಿಲು ಹಾಕಿದ್ದು.

ಹಾಗಾಗಿ ನ್ಯೂಜೆರ್ಸಿಲಿ ನಡೆದಿದ್ದು ಪವಾಡ ಅಲ್ಲ. ದೊಡ್ಡ ಲಾಕ್ ರಿಟೈರ್ಡ್, ಒಬ್ಬ ಫ್ರಾನ್ಸಿಗೆ, ಒಬ್ಬ ಲಯನ್ಸ್ ಜೊತೆ, ಎದುರಾಳಿ ಅಷ್ಟೇನೂ ಭಾರ ಇಲ್ಲ, ಕೋಚ್‌ಗೆ ಪ್ರಯೋಗದ ಮೂಡು, ಹುಡುಗನ ಕಾಲು ಆಗಷ್ಟೇ ಸರಿಯಾಗಿದೆ. ಇದರಲ್ಲಿ ಒಂದು ಆಚೀಚೆ ಆಗಿದ್ರೂ ಡೆಬ್ಯೂ ಲೆನ್‌ಸ್ಟರ್ ಜೊತೆನೇ ಆಗ್ತಿತ್ತು, ಈ ಕೇಸೇ ಇರ್ತಿರಲಿಲ್ಲ. ಅಂದಹಾಗೆ ಓಕಾನಲ್ ಕೂಡ 2002ರಲ್ಲಿ ವೇಲ್ಸ್ ವಿರುದ್ಧ ತನ್ನ ಮೊದಲನೇ ಟೆಸ್ಟಲ್ಲೇ ಟ್ರೈ ಹೊಡೆದಿದ್ದ, ಹೊಡೆದು ತಲೆಗೆ ಏಟು ಬಿದ್ದು ಆಚೆ ಹೋಗಿದ್ದ.

ಆ ಸೆಪ್ಟೆಂಬರಲ್ಲಿ ಲೆನ್‌ಸ್ಟರ್ ಡೆಬ್ಯೂನೂ ಆಯ್ತು, ಉಲ್ಟಾ ಕ್ರಮದಲ್ಲಿ. ಆಮೇಲಿನ ಒಂಬತ್ತು ತಿಂಗಳು ಒಬ್ಬ ಆಟಗಾರನ ಇಡೀ ಜೀವನಕ್ಕೆ ಸಾಕಾಗೋಷ್ಟು. 2018ರ ಫೆಬ್ರವರಿ 3, ಪ್ಯಾರಿಸ್, ಯುರೋಪಿನ ಆರು ದೇಶಗಳು ವರ್ಷಾವರ್ಷ ಆಡೋ ಸಿಕ್ಸ್ ನೇಷನ್ಸಿನ ಮೊದಲನೇ ಮ್ಯಾಚು, ರಯನ್ ಶುರುವಿಂದಲೇ ಕಣದಲ್ಲಿ. ಟೈಮ್ ಮುಗಿದಿದೆ, ಫ್ರಾನ್ಸ್ 13-12 ಮುಂದೆ, ಐರ್ಲೆಂಡ್ 41 ಫೇಸ್, ಅಂದ್ರೆ 41 ಸಲ ಬಿದ್ದು ಎದ್ದು, ಬಾಲ್ ಬಿಡದೇ ಹಿಡ್ಕೊಂಡು ಇಂಚಿಂಚು ಮುಂದೆ ಬಂದು ಕೊನೆಗೆ ಜಾನಿ ಸೆಕ್ಸ್‌ಟನ್ ದೂರದಿಂದ ಡ್ರಾಪ್ ಗೋಲ್ ಒದ್ದ, ಅಂದ್ರೆ ಬಾಲ್ ನೆಲಕ್ಕೆ ಬಿಟ್ಟು ಪುಟಿಯುವಾಗ ಒದೆಯೋದು, 15-13. ಅದನ್ನ ಎಲ್ಲರೂ ನೋಡಿದೀರ. ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ಸ್ ಡೇ, ಟ್ವಿಕನಮಲ್ಲಿ ಕೊರೆಯೋ ಚಳಿ, ಇಂಗ್ಲೆಂಡ್ ಮೇಲೆ 24-15, ಗ್ರ್ಯಾಂಡ್ ಸ್ಲ್ಯಾಮ್, ಅಂದ್ರೆ ಟೂರ್ನಮೆಂಟಿನ ಎಲ್ಲಾ ಮ್ಯಾಚೂ ಗೆದ್ದಂಗೆ. 1948, 2009, ಆಮೇಲೆ ಇದು, ಐರ್ಲೆಂಡ್ ಚರಿತ್ರೆಲಿ ಮೂರನೇದು. ರಯನ್‌ಗೆ 21.

ಮೇ 12ಕ್ಕೆ ಸ್ಪೇನಿನ ಬಿಲ್ಬಾವ್, ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ಪಾದ ಚಾಂಪಿಯನ್ಸ್ ಕಪ್ ಫೈನಲ್. ಲೆನ್‌ಸ್ಟರ್ ಎದುರು ಯಾರು? ರೇಸಿಂಗ್ 92. ಅವರ ಸೆಕೆಂಡ್ ರೋಲಿ ಯಾರು? ಡಾನಕ ರಯನ್. ಯಾರು ಬಿಟ್ಟು ಹೋದ ಕುರ್ಚಿಲಿ ಹುಡುಗ ಕೂತಿದ್ನೋ ಅವನೇ ಎದುರಿಗೆ, ಒಂದು ವರ್ಷದೊಳಗೆ. ಈ ಫೈನಲ್ ಚೆಂದದ ರಗ್ಬಿ ಅಲ್ಲ ಅಂತ ಮೊದಲೇ ಹೇಳ್ತೀನಿ. ಒದ್ದೆ ನೆಲ, ಎರಡೂ ಕಡೆ ಒಂದೇ ಒಂದು ಟ್ರೈ ಇಲ್ಲ, ಬರೀ ಕಿಕ್ಕು, ಗುದ್ದು, ರಕ್ಕು (ಬಿದ್ದೋನ ಮೇಲೆ ಬಾಲ್‌ಗಾಗಿ ನಡೆಯೋ ನೂಕಾಟ), ರೇಸಿಂಗ್ ಕಡೆಯ ಡ್ಯಾನ್ ಕಾರ್ಟರ್ ಗಾಯ ಅಂತ ಮ್ಯಾಚಿಗೆ ಮೊದಲೇ ಔಟು, ಅದೇ ಟೀಮಿನ ಪ್ಯಾಟ್ ಲ್ಯಾಂಬಿ ಶುರುವಾಗಿ ಐದು ನಿಮಿಷದೊಳಗೆ ಔಟು. ಡಾನಕ ರಯನ್‌ಗೆ ಐರಿಶ್ ಲೈನ್‌ಔಟಿನ ತಲೆಬಾಲ ಎಲ್ಲಾ ಗೊತ್ತು, ಟೋನರ್ ಜೊತೆ ನಿಂತು ಎಷ್ಟು ಮ್ಯಾಚ್ ಆಡಿಲ್ಲ ಅವನು. 12-12, ಕೊನೇ ನಿಮಿಷಗಳಲ್ಲಿ ಲೆನ್‌ಸ್ಟರ್‌ನ ಐಸಾ ನಸೀವಾ ಪೆನಾಲ್ಟಿ ಒದ್ದು 15-12, ರೇಸಿಂಗ್‌ನವರ ಕೊನೇ ಡ್ರಾಪ್ ಗೋಲ್ ಆಚೆ ಹೋಯ್ತು. ಇಂಥ ಮ್ಯಾಚಲ್ಲಿ ಮ್ಯಾನ್ ಆಫ್ ದಿ ಮ್ಯಾಚ್ ಕೊಟ್ಟಿದ್ದು ಒದ್ದೋರಿಗಲ್ಲ, ಜೇಮ್ಸ್ ರಯನ್‌ಗೆ. ಬಾಲ್ ತಗೊಂಡು ಮೂರು ಜನರ ಮೇಲೆ ಹೋಗಿ ಬಿದ್ದು ಒಂದೂವರೆ ಮೀಟರ್ ಗಳಿಸೋದು, ಎದ್ದು ಮತ್ತೆ ಅದನ್ನೇ ಮಾಡೋದು, ಇದನ್ನ ಎಂಬತ್ತು ನಿಮಿಷ ಯಾರು ಬೇಜಾರಿಲ್ದೇ ಮಾಡ್ತಾರೋ ಅಂಥ ದಿನ ಅದು ಅವರದ್ದೇ. ಕಪ್ಪು ಎತ್ತಿದ ಲೆನ್‌ಸ್ಟರ್‌ನ ಕೋಚ್ ಲಿಯೋ ಕಲನ್, ಅವನೂ ಹಳೇ ಲಾಕೇ, 2009, 2011, 2012ರಲ್ಲಿ ಇದೇ ಕಪ್ ಎತ್ತಿದ ಕ್ಯಾಪ್ಟನ್. ಎರಡು ವಾರ ಬಿಟ್ಟು ಡಬ್ಲಿನಲ್ಲಿ ವೇಲ್ಸಿನ ಸ್ಕಾರ್ಲೆಟ್ಸ್ ಮೇಲೆ 40-32, ಲೀಗ್ ಕಪ್ಪು, ಅಂದ್ರೆ ಪ್ರೋ14 ಟ್ರೋಫಿನೂ ಬಂತು.

ಇಷ್ಟಕ್ಕೆ ಒಂದು ವಿಚಿತ್ರ ಸೇರಿಸಿ: ಪ್ರಾಂತ್ಯ, ದೇಶ ಎರಡೂ ಸೇರಿಸಿ ರಯನ್ ಇಳಿದ ಯಾವ ಸೀನಿಯರ್ ಮ್ಯಾಚಲ್ಲೂ ಆ ಮೇ ತಿಂಗಳು ಮುಗಿಯೋವರೆಗೆ ಟೀಮು ಸೋತಿರಲಿಲ್ಲ. ಲೆನ್‌ಸ್ಟರ್ ಆ ಸೀಸನಲ್ಲಿ ಸೋತ ಮ್ಯಾಚುಗಳಿವೆ, ಅದರಲ್ಲಿ ಇವನಿರಲಿಲ್ಲ. ಇದನ್ನ ನೋಡಿ "ಇವನಿದ್ರೆ ಸೋಲಲ್ಲ" ಅಂತ ಬರೆದೋರು ಬೇಕಾದಷ್ಟು. ನಂಗೆ ಇದು ಸ್ವಲ್ಪ ಉಲ್ಟಾ ಲೆಕ್ಕ ಅನ್ಸುತ್ತೆ. ಐರ್ಲೆಂಡ್‌ಗೆ ಆಡೋ ಲಾಕನ್ನ ಯೂನಿಯನ್‌ನವರು ಲೀಗಿನ ಚಿಲ್ಲರೆ ಮ್ಯಾಚಿಗೆ ಬಿಡಲ್ಲ, ದೊಡ್ಡ ಮ್ಯಾಚಿಗೆ ಅಂತ ಕಾದಿಡ್ತಾರೆ, ದೊಡ್ಡ ಮ್ಯಾಚಿಗೆ ಉಳಿದ ದೊಡ್ಡೋರೂ ಇರ್ತಾರೆ, ಸೆಕ್ಸ್‌ಟನ್, ಫರ್ಲಾಂಗ್, ಹೀಲಿ ಎಲ್ಲಾ. ಆ ಟೀಮು ಸೋಲೋದು ಕಮ್ಮಿನೇ. ಹಾಗಂತ ರಯನ್ ಲೆಕ್ಕಕ್ಕಿಲ್ಲ ಅಂತಲ್ಲ, ಅಂಕಿಸಂಖ್ಯೆ ಒಬ್ಬನ ಬೆನ್ನಿಗೆ ಕಟ್ಟೋವಾಗ ಹುಷಾರು ಅಂತ.

ಈಗ ಆ ಐದು ಹೆಸರಿಗೆ ವಾಪಸ್ ಬರ್ತೀನಿ. ಈ ಕೇಸಲ್ಲಿ ನಂಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ.

ಪೋರ್ಟರ್ ಅಂಡರ್-20ಯಲ್ಲಿ ಲೂಸ್‌ಹೆಡ್ ಪ್ರಾಪ್, ಸ್ಕ್ರಮ್ಮಿನ ಎಡಗಡೆ. ಆಮೇಲೆ ಲೆನ್‌ಸ್ಟರಲ್ಲಿ ಅವನನ್ನ ಬಲಗಡೆಗೆ, ಟೈಟ್‌ಹೆಡ್‌ಗೆ ಬದಲಾಯಿಸಿದ್ರು. ಹೊರಗಿಂದ ನೋಡಿದ್ರೆ ಎರಡೂ ಒಂದೇ ಕೆಲಸ, ಆಡೋನಿಗೆ ಬಲಗೈಲಿ ಬರೀತಿದ್ದೋನು ಎಡಗೈಲಿ ಪರೀಕ್ಷೆ ಬರೆದಂಗೆ. ಯಾಕೆ ಬದಲಾಯಿಸಿದ್ರು ಅಂದ್ರೆ ಟೈಟ್‌ಹೆಡ್ ಸಿಗೋದು ಕಷ್ಟ, ಫರ್ಲಾಂಗ್ ಬಿಟ್ರೆ ಹಿಂದೆ ಜನ ಕಮ್ಮಿ. ಪೋರ್ಟರ್ ಡೆಬ್ಯೂ ಆಗಿದ್ದೂ ಅದೇ ಜೂನ್ 10, ಅದೇ ನ್ಯೂಜೆರ್ಸಿ. ಸ್ಟಾಕ್‌ಡೇಲ್ ವಿಂಗರ್, ಅವನ ಡೆಬ್ಯೂನೂ ಅದೇ ದಿನ, ಮುಂದಿನ ಸಿಕ್ಸ್ ನೇಷನ್ಸಲ್ಲಿ ಐದು ಮ್ಯಾಚಿಗೆ ಏಳು ಟ್ರೈ, 2025ರವರೆಗೆ ಸಿಕ್ಸ್ ನೇಷನ್ಸಿನ ರೆಕಾರ್ಡ್ ಆಗಿತ್ತು ಅದು. ಮೂರು ಹುಡುಗರು, ಒಂದೇ ದಿನ.

ಡೀಗನ್? ಜಗತ್ತಿನ ಬೆಸ್ಟ್ ಅಂಡರ್-20 ಆಟಗಾರ ಅಂತ ಕರೆಸ್ಕೊಂಡೋನು ಐರ್ಲೆಂಡ್‌ಗೆ ಮೊದಲು ಆಡಿದ್ದು 2020ರ ಫೆಬ್ರವರಿಲಿ, ವೇಲ್ಸ್ ವಿರುದ್ಧ. ಕೆಟ್ಟ ಆಟಗಾರ ಆಗಿದ್ದಕ್ಕಲ್ಲ. ಅವನು ನಂಬರ್ 8, ಬ್ಯಾಕ್ ರೋ, ಅಂದ್ರೆ ಸ್ಕ್ರಮ್ಮಿನ ಹಿಂದಿನ ಸಾಲು, ಆ ಜಾಗದಲ್ಲಿ ಐರ್ಲೆಂಡ್‌ಗೆ ಕ್ಯೂ ಹೇಗಿತ್ತು ಅಂದ್ರೆ ಸ್ಟ್ಯಾಂಡರ್, ಓಮಹೋನಿ, ಓಬ್ರಾಯನ್, ಲೀವಿ, ಫಾನ್ ಡರ್ ಫ್ಲಿಯರ್, ಕಾನನ್, ಮರ್ಫಿ, ಇನ್ನೂ ಹೇಳ್ತಾ ಹೋಗ್ಬಹುದು, ಲೆನ್‌ಸ್ಟರ್ ಒಳಗೇ ಇವರಲ್ಲಿ ಐದು ಜನ. ಕೀನನ್‌ದೂ ತಡ, 2020ರ ಅಕ್ಟೋಬರ್. ಸೆವೆನ್ಸ್, ಅಂದ್ರೆ ಏಳೇಳು ಜನರ ರಗ್ಬಿ ಆಡ್ಕೊಂಡು ಸುತ್ತು ಹಾಕಿ ಬಂದ, ಆಮೇಲೆ ಕೆಲವು ವರ್ಷ ಎಲ್ಲರ ಹಿಂದೆ ನಿಲ್ಲೋ ಫುಲ್‌ಬ್ಯಾಕ್ ಜಾಗ ಯಾರಿಗೂ ಬಿಟ್ಟುಕೊಡಲಿಲ್ಲ. ಐವರೂ ಒಂದೇ ಕೋಚ್ ಕೈಲಿ ಒಂದೇ ಟೀಮಲ್ಲಿ ಅದೇ ನ್ಯೂಜಿಲೆಂಡನ್ನ ಸೋಲಿಸಿದ ಟೂರ್ನಮೆಂಟಿಂದ ಬಂದೋರು, ಮೊದಲ ಕ್ಯಾಪ್‌ಗಳ ಮಧ್ಯೆ ಮೂರು ವರ್ಷಕ್ಕಿಂತ ಜಾಸ್ತಿ ಅಂತರ. ಪ್ರತಿಭೆಯಲ್ಲಿ ಅಷ್ಟು ಅಂತರ ಇತ್ತಾ? ಇಲ್ಲ. ಖಾಲಿ ಕುರ್ಚಿ ಯಾವ ಸಾಲಲ್ಲಿತ್ತು ಅನ್ನೋದೇ ವ್ಯತ್ಯಾಸ. ರಯನ್ ಐದಿಂಚು ಕುಳ್ಳಗಿದ್ದು ಬ್ಯಾಕ್ ರೋ ಆಡಿದ್ರೆ ಅವನೂ ಡೀಗನ್ ಹಿಂದೆ ಕ್ಯೂಲೇ ನಿಲ್ತಿದ್ದ, ಇದು ನನ್ನ ಊಹೆ, ಬೇಕಾದ್ರೆ ಜಗಳ ಆಡಿ.

ಆದ್ರೆ ಕುರ್ಚಿ ಸಿಗೋದು ಒಂದು, ಕೂತು ಅಲ್ಲಾಡದೇ ಇರೋದು ಇನ್ನೊಂದು. ಆ ಎರಡನೇದಕ್ಕೆ ಪೂರ್ತಿ ಕ್ರೆಡಿಟ್ ಹುಡುಗನಿಗೇ. ಜೂನಲ್ಲಿ ಹೆಂಡರ್ಸನ್ ಇಲ್ಲದ್ದಕ್ಕೆ ಒಳಗೆ ಬಂದೋನು ಫೆಬ್ರವರಿಲಿ ಹೆಂಡರ್ಸನ್ ವಾಪಸ್ ಬಂದ್ಮೇಲೂ ಟೀಮಲ್ಲಿದ್ದ, ಕೆಲವು ಮ್ಯಾಚಲ್ಲಿ ಅವನ ಪಕ್ಕದಲ್ಲೇ, ಕೆಲವು ಮ್ಯಾಚಲ್ಲಿ ಟೋನರ್ ಪಕ್ಕದಲ್ಲಿ. 2018ರ ನವೆಂಬರ್ 17ಕ್ಕೆ ಡಬ್ಲಿನಲ್ಲಿ ಆಲ್ ಬ್ಲ್ಯಾಕ್ಸ್ ಮೇಲೆ 16-9, ತವರಲ್ಲಿ ಮೊದಲ ಸಲ, ಅವತ್ತೂ ಶುರುವಿಂದಲೇ ಇದ್ದ.

ಆಮೇಲೆ ಇಳಿಜಾರೂ ಬಂತು. 2019ರ ಮೇನಲ್ಲಿ ಚಾಂಪಿಯನ್ಸ್ ಕಪ್ ಫೈನಲ್, ಇಂಗ್ಲೆಂಡಿನ ಸಾರಸೆನ್ಸ್ ಕ್ಲಬ್ ಎದುರು 20-10 ಸೋಲು. ಅದೇ ಸೆಪ್ಟೆಂಬರ್ 28ಕ್ಕೆ ವರ್ಲ್ಡ್ ಕಪ್ಪಲ್ಲಿ ಶಿಜುಓಕಾದಲ್ಲಿ ಜಪಾನ್ ಎದುರು 19-12 ಸೋಲು, ಯಾವ ಜಪಾನಲ್ಲಿ 2017ಕ್ಕೆ ನರ್ಸರಿ ನಡೆಸಿದ್ರೋ ಅದೇ ಜಪಾನ್. ಕ್ವಾರ್ಟರ್ ಫೈನಲಲ್ಲಿ ನ್ಯೂಜಿಲೆಂಡ್ 46-14ಕ್ಕೆ ಚಿಂದಿ ಮಾಡ್ತು, ಶ್ಮಿಟ್ ಕಾಲ ಅಲ್ಲಿಗೆ ಮುಗೀತು. 2020ರ ನವೆಂಬರಲ್ಲಿ ಸೆಕ್ಸ್‌ಟನ್‌ಗೆ ಗಾಯ, ಏನು ಗಾಯ ಅಂತ ಕೇಳ್ಬೇಡಿ, ಹ್ಯಾಮ್‌ಸ್ಟ್ರಿಂಗೇ, ಟ್ವಿಕನಮಲ್ಲಿ ಇಂಗ್ಲೆಂಡ್ ವಿರುದ್ಧ 24 ವರ್ಷದ ರಯನ್ ಮೊದಲ ಸಲ ಐರ್ಲೆಂಡ್ ಕ್ಯಾಪ್ಟನ್. 18-7, ಸೋಲು. 2021ರಲ್ಲಿ ಲಯನ್ಸ್ ಟೀಮ್ ಅನೌನ್ಸ್ ಆದಾಗ ಲಾಕ್‌ಗಳ ಪಟ್ಟಿಲಿ ಹೆಂಡರ್ಸನ್ ಇದ್ದ, ಟೈಗ್ ಬರ್ನ್ ಇದ್ದ, ಇವನಿರಲಿಲ್ಲ. 2017ರಲ್ಲಿ ಲಯನ್ಸ್‌ಗೆ ಬೇರೆಯೋರು ಹೋಗಿದ್ದಕ್ಕೆ ಬಾಗಿಲು ತೆಗೆದಿತ್ತು, ನಾಲ್ಕು ವರ್ಷಕ್ಕೆ ಅದೇ ಲಯನ್ಸ್ ಬಾಗಿಲು ಇವನಿಗೆ ಹಾಕ್ತು. ಅದು ತೆಗೆದಿದ್ದು 2025ಕ್ಕೆ.

ಆ 2021ರ ಜನವರಿಲೇ ಐರ್ಲೆಂಡ್ ಟೀಮಿಗೆ ಹೊಸ ಫಾರ್ವರ್ಡ್ಸ್ ಕೋಚ್ ಬಂದ. ಸ್ಕ್ರಮ್ಮಿಗೆ ಬೇರೆಯೋರು, ಈ ಕೋಚ್ ಪಾಲಿಗೆ ಲೈನ್‌ಔಟು. ಕಾರ್ಡಿಫಲ್ಲಿ ಸ್ಟ್ರೆಚರ್ ಮೇಲೆ ಆಚೆ ಹೋಗಿದ್ದ ಪಾಲ್ ಓಕಾನಲ್.